ಪಂಕ್ಚರ್ ಮಾಮನ ಶಂಖ

ಬೀದಿಯ ತಿರುವಿನಲ್ಲಿ ಒಂದು ಅಂಗಡಿ. ಅಂಗಡಿ ಅಂದರೆ ಏನು ಮಹಾ! ಮೇಲೊಂದು ತಗಡು, ಗೋಡೆಗೆ ನೇತುಹಾಕಿದ ಹಳೆಯ ಟಯರುಗಳು, ನೀರು ತುಂಬಿದ ಒಂದು ಕಪ್ಪು ಟಬ್ಬು, ಅದರ ಮುಂದೆ ಮಣೆಯ ಮೇಲೆ ಕುಳಿತ ಪಂಕ್ಚರ್ ಮಾಮ. ಸೈಕಲ್ ತಳ್ಳಿಕೊಂಡು ಬಂದವರೆಲ್ಲ ಹಾಗೆ ಕರೆದೂ ಕರೆದೂ ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿರಬೇಕು. ಅವಳು ಹೇಗಿದ್ದರೂ ‘ರೀ’ ಅನ್ನುವವಳು.

ಹಗಲೆಲ್ಲ ಮೊಣಕೈವರೆಗೆ ಮಸಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಆಸಾಮಿಯೇ ಬೇರೆ. ಸೋಪು ಹಾಕಿ ಕೈ ಉಜ್ಜಿ, ಅಂಗಡಿಯ ಹಿಂದಿನ ಮನೆಗೆ ಹೋಗಿ, ದೇವರ ಗೂಡಿನ ಮುಂದೆ ನಿಂತು ಶಂಖ ಎತ್ತಿಕೊಳ್ಳುತ್ತಿದ್ದ. ಅದು ಅಪ್ಪನ ಶಂಖ. ನೆಲಕ್ಕೆ ಇಡುವಂತಿಲ್ಲ, ಅದಕ್ಕೆಂದೇ ಹಿತ್ತಾಳೆಯ ಪುಟ್ಟ ಪೀಠವಿತ್ತು. ಎರಡೂ ಕೈಯಲ್ಲಿ ಹಿಡಿಯದಿದ್ದರೆ ಜಾರುವಷ್ಟು ಭಾರ.

“ಕೆನ್ನೆಯಿಂದ ಊದಬೇಡ್ವೋ ಮಂಕೇ, ಅದೇನು ಬಲೂನಾ? ಹೊಟ್ಟೆಯಿಂದ ಊದು!” ಎಂದು ಅಪ್ಪ ಬೆನ್ನಿಗೆ ಗುದ್ದಿ ಕಲಿಸಿದ್ದ. ಮೊದಮೊದಲು ಎಮ್ಮೆಕರು ಕೂಗಿದಂತಿದ್ದ ಸದ್ದು ಬರುಬರುತ್ತಾ ಥೇಟ್ ಅಪ್ಪನದೇ ಆಗಿಬಿಟ್ಟಿತು. ಸಣ್ಣಗೆ ಶುರುವಾಗಿ, ನಡುವೆ ಎದ್ದು ನಿಂತು, ಕೊನೆಯಲ್ಲಿ ಒಂದು ಚೂರು ಮೇಲಕ್ಕೆ ತಿರುಗಿ ನಿಲ್ಲುವ ಸದ್ದು. ಅಪ್ಪ ತೀರಿಕೊಂಡ ಮೇಲೂ ಮಾಮ ಕಣ್ಣು ಮುಚ್ಚಿ ಊದಿದರೆ ಸಾಕು, ಅಪ್ಪನೇ ಪಕ್ಕದಲ್ಲಿ ನಿಂತಂತೆ. ಮನೆಯಲ್ಲಿ ಅಪ್ಪನ ಫೋಟೋ ಒಂದೂ ಇರಲಿಲ್ಲ. ಉಳಿದದ್ದು ಆ ಸದ್ದೊಂದೇ.

ಹೀಗಿರುವಾಗ ಒಂದು ಬೆಳಿಗ್ಗೆ, ಬಾಯಿ ಮುಕ್ಕಳಿಸಿದ ನೀರು ಎಡಗಡೆಯಿಂದ ಸೋರಿ ಬನಿಯನ್ನಿಗೆ ಇಳಿಯಿತು. ಕನ್ನಡಿ ನೋಡಿದರೆ ಅರ್ಧ ಮುಖ ಮಾತೇ ಕೇಳುತ್ತಿಲ್ಲ. ಮುಖದ ನರಕ್ಕೆ ತೊಂದರೆಯಾಗಿದೆ ಎಂದರು ಡಾಕ್ಟರು. ಔಷಧಿ ಆಯಿತು, ಕೆನ್ನೆ ತಿಕ್ಕಿದ್ದೂ ಆಯಿತು. ಕಣ್ಣು ಮುಚ್ಚಲು ಬಂತು, ಮಾತೂ ಸರಿಹೋಯಿತು. ಎಡತುಟಿಯ ಮೂಲೆ ಮಾತ್ರ ಜೋತುಬಿದ್ದಲ್ಲೇ ಉಳಿಯಿತು.

“ಊಟ ಮಾಡ್ತೀರಿ, ಮಾತಾಡ್ತೀರಿ, ಇನ್ನೇನು ಬೇಕು ಹೇಳಿ?” ಎಂದರು ಡಾಕ್ಟರು ಕೊನೆಗೆ. ಮಾಮ ಸುಮ್ಮನೆ ತಲೆಯಾಡಿಸಿ ಎದ್ದುಬಂದ. ಏನು ಬೇಕೆಂದು ಬಾಯಿಬಿಟ್ಟು ಹೇಳಿದರೆ ನಕ್ಕುಬಿಟ್ಟಾರು ಅನ್ನಿಸಿತು.

ಅವತ್ತು ಸಂಜೆ ಶಂಖ ಎತ್ತಿ ಊದಿದ. ಪುಸ್ಸ್. ಇನ್ನೊಮ್ಮೆ ಊದಿದ. ಪುಸ್ಸ್. ಗಾಳಿಯೆಲ್ಲ ಎಡಗಡೆಯಿಂದ ಓಡಿಹೋಗುತ್ತಿತ್ತು. ಒಳಗೆ ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಕೈ ನಿಂತಿತು. ಮಾಮ ಶಂಖವನ್ನು ಒರೆಸಿ ಪೀಠದ ಮೇಲಿಟ್ಟ.

ಎದುರಂಗಡಿಯ ಟೈಲರನಿಗೆ ಸುಮ್ಮನಿರುವುದೆಂದರೆ ಆಗದು.

“ಏನ್ ಮಾಮಾ, ನಿನ್ನ ಶಂಖ ರಜೆ ಹಾಕಿದ್ಮೇಲೆ ನಮ್ಮ ಬೀದೀಲಿ ಸಂಜೇನೇ ಆಗ್ತಿಲ್ವಲ್ಲ! ನಾನು ಹೊಲೀತಾನೇ ಇರ್ತೀನಿ, ಮನೇಲಿ ಮಂಗಳಾರತಿ.”

“ಒಂದು ಗಡಿಯಾರ ತಗೊಳ್ಳೋ ಜಿಪುಣ.”

“ಗಡಿಯಾರ ಯಾಕೆ? ಇಲ್ಲಿ ಕೇಳು, ಮೊಬೈಲಲ್ಲೇ ಶಂಖ ಸಿಗತ್ತೆ.” ಟೈಲರ್ ಫೋನನ್ನು ಮಾಮನ ಕಿವಿಯ ಹತ್ತಿರ ಹಿಡಿದ.

ಮಾಮ ಕೊನೆಯವರೆಗೂ ಕೇಳಿದ. “ಚೆನ್ನಾಗಿದೆ ಕಣೋ,” ಎಂದ. “ಆದ್ರೆ ಇದು ಯಾರೋ ಬೇರೆಯವರ ಅಪ್ಪ.”

ಟೈಲರ್ ಫೋನನ್ನು ಜೇಬಿಗೆ ಹಾಕಿಕೊಂಡ. ಮತ್ತೆ ಆ ವಿಷಯ ಎತ್ತಲಿಲ್ಲ.

ಒಂದು ಮಧ್ಯಾಹ್ನ ಮಾಮ ಯಾರದೋ ಟ್ಯೂಬಿಗೆ ಗಾಳಿ ತುಂಬಿ ಟಬ್ಬಿನ ನೀರಲ್ಲಿ ಮುಳುಗಿಸಿ ತಿರುಗಿಸುತ್ತಿದ್ದ. ಬುಳುಬುಳು ಅಂತ ಗುಳ್ಳೆ ಎದ್ದ ಕಡೆ ತೂತು. ಗುಳ್ಳೆಯನ್ನೇ ನೋಡುತ್ತಾ ಕುಳಿತವನಿಗೆ ಏನು ಹೊಳೆಯಿತೋ, ಟ್ಯೂಬನ್ನು ಪಕ್ಕಕ್ಕೆಸೆದು ತನ್ನ ಮುಖವನ್ನೇ ನೀರಿಗೆ ಅದ್ದಿ ಊದಿಬಿಟ್ಟ. ಚಹಾ ತಂದ ಹೆಂಡತಿ ಕಿರುಚಿಕೊಂಡಳು.

“ಅಯ್ಯೋ, ಏನ್ರೀ ಇದು! ಟಬ್ಬಲ್ಲಿ ಮುಖ ಇಟ್ಕೊಂಡು!”

“ತಡಿಯೇ, ಲೀಕ್ ಹುಡುಕ್ತಿದೀನಿ,” ಎಂದು ಮಾಮ ತಲೆಯೆತ್ತಿ ತುಟಿಯ ಮೂಲೆಗೆ ಉಗುರಿಟ್ಟು ತೋರಿಸಿದ. “ಗುಳ್ಳೆ ಏಳೋದು ಇಲ್ಲಿಂದ ನೋಡು, ಇಷ್ಟೇ ಇಷ್ಟು. ಪೂರ್ತಿ ಬಾಯಿ ಕೆಟ್ಟಿದೆ ಅಂದ್ಕೊಂಡಿದ್ದೆ.”

“ಸಿಕ್ತಲ್ಲ, ಇನ್ನು ಸಲ್ಯೂಷನ್ ಹಚ್ಚಿ ಒಂದು ಪ್ಯಾಚ್ ಹಾಕ್ಕೊಳ್ಳಿ,” ಎಂದಳು ಅವಳು, ಸೆರಗಿನಿಂದ ಅವನ ಮುಖ ಒರೆಸುತ್ತಾ.

ತಮಾಷೆಗೆ ಹೇಳಿದ್ದು. ಈ ಮಹಾರಾಯ ನಿಜವೆಂದುಕೊಂಡ. ಸಂಜೆ ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ತುಟಿಯ ಮೂಲೆಗೆ ಬಿಗಿಯಾಗಿ ಅಂಟಿಸಿಕೊಂಡು ದೇವರ ಮುಂದೆ ನಿಂತ. ಉಸಿರು ತುಂಬಿ ಊದಿದ್ದೇ ತಡ, ಪ್ಲಾಸ್ಟರ್ ಕಿತ್ತು ಹಾರಿ ಶಂಖಕ್ಕೇ ಅಂಟಿಕೊಂಡಿತು. ಹೆಂಡತಿ ಬಾಗಿಲಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕಳು. ನಗು ಮುಗಿದು ನೋಡಿದರೆ ಮಾಮ ನಗುತ್ತಿರಲಿಲ್ಲ. ಶಂಖವನ್ನು ಕಿವಿಗಿಟ್ಟುಕೊಂಡು ನಿಂತಿದ್ದ. ಒಳಗೆ ಬರೀ ಹುಶ್ಶೆನ್ನುವ ಗಾಳಿ.

“ಅಪ್ಪನ ದನಿ ಮರೀತಾ ಇದೀನಿ ಕಣೇ,” ಎಂದ. “ನಿನ್ನೆ ನೆನಪು ಮಾಡ್ಕೊಳ್ಳೋಕೆ ಹೋದೆ. ಬರ್ಲಿಲ್ಲ.”

ಅವಳು ಕೈ ತೊಳೆದುಕೊಂಡು ಹತ್ತಿರ ಬಂದಳು. ಬಂದವಳು ಅರ್ಧದಲ್ಲೇ ನಿಂತಳು.

“ನಿಮಗೆ ಎರಡು ಕೈಯೂ ಶಂಖಕ್ಕೇ ಬೇಕು, ತುಟಿ ಒತ್ತಿ ಹಿಡಿಯೋಕೆ ಕೈಯೆಲ್ಲಿದೆ? ಶಂಖ ನಾನು ಹಿಡ್ಕೋತಿದ್ದೆ, ಆದ್ರೆ... ಊದೋ ಶಂಖದ ತಂಟೆಗೆ ಹೆಂಗಸರು ಹೋಗ್ಬಾರ್ದು ಅಂತ ಅತ್ತೆ ಹೇಳಿದ್ರಲ್ಲ.”

“ಶಂಖ ಯಾರು ಮುಟ್ಟು ಅಂದ್ರು? ನನ್ನ ಮುಖ ಮುಟ್ಟು.”

ಅವಳು ಹೆಬ್ಬೆರಳನ್ನು ಅವನ ಎಡತುಟಿಯ ಮೂಲೆಗೆ ಒತ್ತಿದಳು. ಬೆರಳಿಗೆ ಇನ್ನೂ ಈರುಳ್ಳಿಯ ವಾಸನೆ. ಮಾಮನಿಗೆ ಮೊದಲು ಕಚಗುಳಿಯಾಗಿ ಸದ್ದೆಲ್ಲ ನಗೆಯಲ್ಲಿ ಹಾಳಾಯಿತು.

“ನೆಟ್ಟಗೆ ನಿಲ್ರೀ, ಎಳೇ ಮಗು ಥರ!” ಎಂದು ಗದರಿ ಅವಳು ಇನ್ನೂ ಬಿಗಿಯಾಗಿ ಒತ್ತಿದಳು.

ಸದ್ದು ಬಂತು. ಸಣ್ಣಗೆ, ನಡುಗುತ್ತಾ ಶುರುವಾಯಿತು. ನಡುವೆ ಎದ್ದು ನಿಂತಿತು. ಮಾಮ ಕಣ್ಣು ಮುಚ್ಚಿದ. ಇನ್ನೇನು ಮೇಲಕ್ಕೆ ತಿರುಗಬೇಕು, ಅಷ್ಟರಲ್ಲಿ ಉಸಿರು ಮುಗಿದು ಸದ್ದು ಅಲ್ಲೇ ಕಡಿದುಬಿತ್ತು.

“ಮಾಮಾ, ಅಂಗಡಿ ಮುಚ್ಲಾ?” ಬೀದಿಯಾಚೆಯಿಂದ ಟೈಲರನ ಕೂಗು.

ಮಾಮ ಶಂಖ ಇಳಿಸಿದ್ದ. ಅವಳು ಬೆರಳು ತೆಗೆದಿರಲಿಲ್ಲ.

“ಕೊನೇದು ಬರ್ಲಿಲ್ಲ, ಅಲ್ವಾ?” ಎಂದು ಮೆಲ್ಲಗೆ ಕೇಳಿದಳು. “ಮಾವನವರದ್ದು.”

ಮಾಮ ಇಲ್ಲವೆಂದು ತಲೆಯಾಡಿಸಿದ. ಅವಳ ಬೆರಳೂ ಅದರ ಜೊತೆಗೇ ಆಡಿತು.

“ಕೆನ್ನೆಯಿಂದ ಊದಿದ್ರೆ ಎಲ್ಲಿ ಬರತ್ತೆ? ಹೊಟ್ಟೆಯಿಂದ ಊದಿ,” ಎಂದಳು.

ಮಾಮ ಅವಳ ಮುಖವನ್ನೊಮ್ಮೆ ನೋಡಿ, ಎರಡೂ ಕೈಯಲ್ಲಿ ಶಂಖ ಎತ್ತಿಕೊಂಡು ಉಸಿರು ತುಂಬಿಕೊಂಡ.