ಗುಡಿಯಿಲ್ಲದ ರಸ್ತೆ

ಕಿನ್ನೌರಿನಲ್ಲಿ, ಬಂಡೆ ಕೊರೆದು ಮಾಡಿದ ಹಳೆಯ ಹಿಂದೂಸ್ತಾನ್–ಟಿಬೆಟ್ ರಸ್ತೆಯ ಪಕ್ಕ ಒಂದು ದೇವಿಯ ಗುಡಿಯಿದೆ. ಅಲ್ಲಿ ನಿಂತು ಕೈಮುಗಿಯದೆ ಯಾವ ಗಾಡಿಯೂ ಮುಂದೆ ಹೋಗುವುದಿಲ್ಲ. ರಜೆಯಲ್ಲಿ ಅಲ್ಲಿಗೆ ಹೋದಾಗ ನಮ್ಮ ಡ್ರೈವರ್ ಕೂಡ ಎಂಜಿನ್ ಆರಿಸಿದ್ದ. ಕೆಳಗೆ ಸಟ್ಲೆಜ್ ನದಿ ಮೊರೆಯುತ್ತಿತ್ತು. ಯಾರಿಗೂ ಅವಸರವಿರಲಿಲ್ಲ.

ಆ ರಜೆ ಮುಗಿಸಿ ವಿದೇಶಕ್ಕೆ ಮರಳಿದ ವಾರವೇ, ಸಂಜೆ ವಾರೆನ್ ಪಟ್ಟಣದ ಆಫೀಸಿನಿಂದ ವಿಕ್ಸಮ್ ಪಟ್ಟಣದ ನನ್ನ ಮನೆಗೆ ಡ್ರೈವ್ ಮಾಡುತ್ತಿದ್ದೆ. ದಿನಾ ಅದೇ ಮೂವತ್ತು ಮೈಲಿ, ಅದೇ ಹಾಳು ರಸ್ತೆ ರಿಪೇರಿ, ದಾರಿಗೆ ಅಡ್ಡವಿಟ್ಟ ಅದೇ ಕಿತ್ತಳೆ ಬಣ್ಣದ ಡ್ರಮ್ಮುಗಳು. ಸಾಕಾಗಿಹೋಗಿತ್ತು. ಕಾರನ್ನು ಹೆದ್ದಾರಿಯ ಅಂಚಿಗೆ ತಂದು, ಎಂಜಿನ್ ಆರಿಸಿ, ಸುಮ್ಮನೆ ಕೈಮುಗಿದು ಕೂತೆ.

ಹಿಂದೆ ಪೊಲೀಸ್ ಕಾರು ಬಂದು ನಿಂತಿತು.

"ಕಾರು ಕೆಟ್ಟಿದೆಯಾ?" ಪೊಲೀಸಿನವನು ಕಿಟಕಿಗೆ ಬಗ್ಗಿ ಕೇಳಿದ.

"ಇಲ್ಲ, ಕಾರು ಚೆನ್ನಾಗೇ ಇದೆ," ಎಂದೆ.

"ಹಾಗಾದರೆ ಹೊರಡಿ. ಇಲ್ಲಿ ಸುಮ್ಮನೆ ನಿಲ್ಲುವ ಹಾಗಿಲ್ಲ."