ನಾನು ತಿಕ್ಕಿದ ಪಾಚಿ

ಗೊರೇಬಾಳದ ನಮ್ಮ ಮನೆಯ ಹಿಂದೆ ನನ್ನ ಗಂಡ ಈಜುಕೊಳ ಕಟ್ಟಿಸಿದ್ದು ಅತ್ತೆಯ ಮೊಣಕಾಲಿಗಾಗಿ. ನೀರಿನಲ್ಲಿ ನಡೆದರೆ ನೋವು ಇಳಿಯುತ್ತದೆ ಎಂದು ಸಿಂಧನೂರಿನ ಡಾಕ್ಟರು ಹೇಳಿದ್ದರು. ಹೊಸದರಲ್ಲಿ ಅತ್ತೆ ಹಳೆಯ ಸೀರೆಯನ್ನು ಕಚ್ಚೆ ಹಾಕಿಕೊಂಡು, ಎದೆಮಟ್ಟದ ನೀರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಕೋಲಿಲ್ಲದೆ ಅವರು ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೇಸಿಗೆಯ ಹೊತ್ತಿಗೆ ನೀರು ಹಸಿರಾಯಿತು. ಗಂಡ ಕ್ಲೋರಿನ್ ಪುಡಿ ತಂದು ಸುರಿದ. ತಿಳಿಯಾಯಿತು. ವಾರ ಕಳೆಯುವುದರಲ್ಲಿ ಮತ್ತೆ ಹಸಿರು, ಮತ್ತೆ ಪುಡಿ. ಸುರಿಯುವುದು ಅವನ ಕೆಲಸ, ಗೋಡೆ, ಮೆಟ್ಟಿಲು ತಿಕ್ಕುವುದು ನನ್ನದು. ಹಾಗೆಂದು ಯಾರು ತೀರ್ಮಾನಿಸಿದರೋ ನನಗಿನ್ನೂ ಗೊತ್ತಿಲ್ಲ. ಬ್ರಷ್ ಹಿಡಿದು ಹಿಡಿದು ಅಂಗೈ ಬಿರಿದು, ರೊಟ್ಟಿ ಬಡಿಯಲು ಕೂತರೆ ಉರಿಯುತ್ತಿತ್ತು.

ಪಾಚಿ ಯಾಕೆ ಬರುತ್ತಿದೆ ಎಂಬುದು ಗುಟ್ಟಾಗಿರಲಿಲ್ಲ. ಕೊಳದ ನೀರು ಕಡಿಮೆಯಾದಾಗಲೆಲ್ಲ ಅವನು ಗದ್ದೆಯ ಕಾಲುವೆಗೆ ಪೈಪು ಇಳಿಸುತ್ತಿದ್ದ. ಮೇಲಿನ ಗದ್ದೆಗಳಿಗೆ ಹಾಕಿದ ಗೊಬ್ಬರವೆಲ್ಲ ಬಸಿದು ಬರುವ ನೀರು ಅದು. ಸಾಲದ್ದಕ್ಕೆ, ಸದ್ದಿಗೆ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ನೀರು ಸೋಸುವ ಮೋಟರನ್ನು ಬಂದ್ ಮಾಡಿಡುತ್ತಿದ್ದ. ಎರಡನ್ನೂ ಹೇಳಿದೆ. ಭತ್ತ ಬೆಳೆಯುವವನಿಗೆ ನೀರಿನ ಪಾಠ ಬೇಡ ಎಂದು ನಕ್ಕ.

ಒಂದು ಬೆಳಿಗ್ಗೆ ಅತ್ತೆ ಮೆಟ್ಟಿಲಿನ ಮೇಲೆ ಜಾರಿದರು. ಕಂಬಿ ಕೈಗೆ ಸಿಕ್ಕಿದ್ದರಿಂದ ನೀರಿಗೆ ಬೀಳಲಿಲ್ಲ, ಆದರೆ ಗದ್ದ ಅಂಚಿಗೆ ಬಡಿದು ಒಡೆಯಿತು. ನಾನು ರಕ್ತ ಒರೆಸುತ್ತಿದ್ದೆ. ಗಂಡ ಬಂದು ತಾಯಿಯನ್ನು ನೋಡಿದ, ಆಮೇಲೆ ನನ್ನನ್ನು.

"ನೀ ಸರೀ ತಿಕ್ಕಿಲ್ಲ. ಅದಕ ಅವ್ವ ಜಾರ್ಯಾಳ."

ರಕ್ತ ಒರೆಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕೆ ಎಸೆದೆ. "ಕಾಲುವಿ ನೀರು ಬಿಟ್ಟವರು ನೀವು, ಮೋಟರ್ ಬಂದ್ ಮಾಡಿದವರು ನೀವು. ಇನ್ನ ಆ ಬ್ರಷ್ ನಾ ಮುಟ್ಟಂಗಿಲ್ರಿ," ಎಂದೆ.

ಮುಟ್ಟಲಿಲ್ಲ. ಹಸಿರು ಕಪ್ಪಾಗುತ್ತ ಬಂತು, ಕಪ್ಪೆಗಳು ಸೇರಿಕೊಂಡವು. ಅವನು ಇನ್ನಷ್ಟು ಪುಡಿ ಸುರಿದ. ಅಡುಗೆಮನೆಯವರೆಗೂ ಘಾಟು ಬಂತೇ ಹೊರತು ಗೋಡೆಯ ಲೋಳೆ ಹೋಗಲಿಲ್ಲ. ಅತ್ತೆಯ ಮೊಣಕಾಲು ಮತ್ತೆ ಊದಿಕೊಂಡಿತು. ದಿನವೂ ಕುರ್ಚಿ ಹಾಕಿಕೊಂಡು ಕೊಳದ ಬದಿಯಲ್ಲಿ ಕೂತಿರುತ್ತಿದ್ದರು. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು, ಹಿಂದೆಯೇ ಅವನ ಮೇಲಿನ ಸಿಟ್ಟು ಇಮ್ಮಡಿಯಾಗುತ್ತಿತ್ತು. ಅತ್ತೆ ಇವತ್ತಲ್ಲ ನಾಳೆ ನನ್ನನ್ನೇ ಬೈಯುತ್ತಾರೆ ಎಂದುಕೊಂಡಿದ್ದೆ. ಕಡೆಗೆ ಗಂಡನೇ ಹೋಗಿ, ಸೊಸೆಗೆ ಸ್ವಲ್ಪ ಬುದ್ಧಿ ಹೇಳು ಎಂದು ತಾಯಿಯ ಮುಂದೆ ನಿಂತ.

ಅತ್ತೆ ಅವನ ಮುಖವನ್ನೂ ನೋಡಲಿಲ್ಲ. "ತಮ್ಮಾ, ಮೊಣಕಾಲು ನಂದು, ನೀರು ಕೆಡಿಸಿದಾಂವ ನೀ. ಆಕಿಗ್ಯಾಕ ಹೇಳ್ಲಿ? ನೀನ ಇಳದು ತಿಕ್ಕು."

ಅವನು ಇಳಿದ. ನೀರೆಲ್ಲ ಹೊರಗೆ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಸಂಜೆಯವರೆಗೂ ತಿಕ್ಕಿದ. ಎರಡು ಸಲ ಜಾರಿ ಕೂತ. ನಾನು ಎಬ್ಬಿಸಲು ಹೋಗಲಿಲ್ಲ. ಮರುದಿನ ಕಾಲುವೆಯ ಪೈಪು ಕಿತ್ತು, ಬೋರಿನ ನೀರು ತುಂಬಿಸಿದ. ಮೋಟರ್ ಈಗ ಮಧ್ಯಾಹ್ನವೂ ಓಡುತ್ತದೆ. ಮೂಲೆಯಲ್ಲಿ ಹಸಿರು ಕಂಡರೆ ಅವನೇ ಬ್ರಷ್ ಹಿಡಿಯುತ್ತಾನೆ. ಅತ್ತೆ ಮತ್ತೆ ನಡೆಯುತ್ತಿದ್ದಾರೆ.

ಮೊನ್ನೆ ತುರ್ವಿಹಾಳದಿಂದ ನೆಂಟರು ಬಂದಿದ್ದರು. ಕಾಲುವೆ ನೀರು ಬಿಟ್ಟರೆ ಪಾಚಿ ಕಟ್ಟುತ್ತದೆ, ಮೋಟರ್ ದಿನವೂ ಓಡಬೇಕು ಎಂದು ಗಂಡ ತಾನೇ ಕಂಡುಹಿಡಿದವನ ಹಾಗೆ ಅವರಿಗೆ ವಿವರಿಸುತ್ತಿದ್ದ. ನಾನು ಚಹಾದ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿ ಒಳಗೆ ಬಂದೆ.