ಗೋಡೆಗೆ ತಿರುಗಿದ ಬಾವಲಿ

ಉಗುರುಸಂದಿನಲ್ಲಿ ಕಿತ್ತಳೆ ಬಣ್ಣ ಇನ್ನೂ ಕೂತಿದೆ. ಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಅದನ್ನು ನೋಡುತ್ತ, ಹೇಳಿಕೊಳ್ಳಲೇಬೇಕಾದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಹೊಸ ತಪ್ಪು ಮಾಡುವಷ್ಟು ಚೈತನ್ಯ ಈ ವಯಸ್ಸಿಗೆ ನನ್ನಲ್ಲಿ ಉಳಿದಿಲ್ಲವೆಂದೇ ನಂಬಿದ್ದೆ.

ಮಗಳ ಜೊತೆ ನಾನಿರುವ ಈ ಪರದೇಶದಲ್ಲಿ, ಸುಬಾಂಗ್ ಜಯಾದ ನಮ್ಮ ಕಾಂಡೋ ವಸತಿ ಸಮುಚ್ಚಯದಲ್ಲಿ, ಹ್ಯಾಲೋವೀನ್ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿ ಕೇಳಲು ಬರುತ್ತಾರೆ. ಫಲಕ ತೂಗಿದ ಮನೆಯ ಬಾಗಿಲನ್ನು ಮಾತ್ರ ತಟ್ಟಬೇಕೆಂಬುದು ಇಲ್ಲಿಯ ಒಪ್ಪಂದ. ಹೋದ ವರ್ಷ ಫಲಕವಿಲ್ಲದ ನಮ್ಮ ಮನೆಗೆ ಯಾರೂ ಬರಲಿಲ್ಲ. ಅದಕ್ಕೇ ಮಗಳ ಮಗಳು ಅನನ್ಯಾ ಈ ಸಲ ಒಂದು ಹಲಗೆ, ಬಣ್ಣ, ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆದ ಅಚ್ಚುಗಳನ್ನು ತಂದು ನನ್ನ ಮುಂದೆ ಸುರಿದಳು. ಎಸ್ಸೆಸ್ಸೆಲ್ಸಿ ಮುಗಿಸಿ, ಕಾಫಿ ಕ್ಯೂರಿಂಗ್ ಕಾರ್ಖಾನೆ ಸೇರಿ, ತಗಡಿನ ಅಚ್ಚಿಟ್ಟು ಮೂಟೆಗಳ ಮೇಲೆ ಅಕ್ಷರ ಬಳಿಯುತ್ತಲೇ ಪ್ರಾಯ ಕಳೆದವನು ನಾನು. ಇದೇನು ಮಹಾ ಎಂದುಕೊಂಡು ಕುಂಚವನ್ನು ಬಣ್ಣದಲ್ಲಿ ಚೆನ್ನಾಗಿ ಅದ್ದಿದೆ. ಗೋಣಿ ಎಷ್ಟು ಕೊಟ್ಟರೂ ಕುಡಿಯುತ್ತದೆ, ನಯವಾಗಿ ಉಜ್ಜಿದ ಮರ ಕುಡಿಯುವುದಿಲ್ಲ. ಅಚ್ಚಿನಡಿ ಬಣ್ಣ ಹರಿದು ಬಾವಲಿಯ ಹೊಟ್ಟೆ ಊದಿಕೊಂಡಿತು.

“ತಾತಾ, ಯುವರ್ ಬ್ಯಾಟ್ ಏಟ್ ಟೂ ಮಚ್ ನಾಸಿ ಲೆಮಾಕ್ ಲಾ,” ಎಂದು ಅವಳು ನಕ್ಕಳು. ನಾಸಿ ಲೆಮಾಕ್ ಎಂದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಇಲ್ಲಿಯವರ ಅನ್ನ.

ಕುಂಚವನ್ನು ಹಳೆಬಟ್ಟೆಗೆ ಒತ್ತಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ಒಣಗಿಸಿ, ನೆಟ್ಟಗೆ ಹಿಡಿದು ಮೆಲ್ಲಗೆ ಕುಟ್ಟಬೇಕೆಂದು ಆಮೇಲೆ ಕಲಿತೆ. ಕುಂಬಳಕಾಯಿ, ತಲೆಬುರುಡೆ, ಅಕ್ಷರಗಳು ಅಂಚು ಕೆಡದೆ ಎದ್ದು ಬಂದವು. ತಡೆದುಕೊಳ್ಳುವುದೇ ಈ ಕೆಲಸದ ಕುಶಲತೆ. ಬಾಳಿನಲ್ಲಿ ನನಗೆ ಬಾರದೆ ಹೋದದ್ದು ಅದೊಂದೇ. ಎಲ್ಲರ ವಿಷಯಕ್ಕೂ ಕೈಹಾಕಿ, ಅಂಚು ಮೀರಿ ಹರಿದುಕೊಂಡೇ ಬಂದೆ.

ಹ್ಯಾಲೋವೀನ್ ದಿನ ಹಲಗೆಯನ್ನು ಬಾಗಿಲ ಹೊರಗೆ ತೂಗುಹಾಕಿದೆವು. ಆ ಸಂಜೆ ಮಗಳು ಆಫೀಸಿನಿಂದ ಬಂದಿರಲಿಲ್ಲ. ಹೊಸ್ತಿಲಿಗೆ ದೀಪವಿಡಲು ಹೋದವನಿಗೆ, ಲಕ್ಷ್ಮಿ ಬರುವ ಹೊತ್ತಿನಲ್ಲಿ ತೋರಣದ ಪಕ್ಕ ತಲೆಬುರುಡೆ ಹಲ್ಲು ಕಿರಿಯುವುದು ಸಹಿಸಲಾಗಲಿಲ್ಲ. ಹಲಗೆಯನ್ನು ಗೋಡೆಗೆ ಮುಖಮಾಡಿ ತಿರುಗಿಸಿದೆ. ದೀಪ ಶಾಂತವಾದ ಮೇಲೆ ಸರಿಪಡಿಸುವುದೆಂದಿದ್ದೆ. ಮರೆತೆ ಎಂದರೆ ನೀವು ನಂಬುತ್ತೀರಿ. ಮರೆಯಲಿಲ್ಲ. ದಣಿದು ಕುರ್ಚಿಯಲ್ಲಿ ಕೂತೆ, ಬೇಕೆಂದೇ ಏಳಲಿಲ್ಲ.

ಮಾಟಗಾತಿಯ ಟೋಪಿ ಹಾಕಿ, ಮಿಠಾಯಿ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಅನನ್ಯಾ ಬಾಗಿಲ ಹಿಂದೆಯೇ ಕೂತಿದ್ದಳು. ಬೇಡಲು ಹೋಗುವುದಕ್ಕಿಂತ ಬಾಗಿಲು ತೆರೆದು ಕೊಡುವುದೇ ಅವಳ ಆಸೆ. ಹೊರಗೆ ಪುಟ್ಟ ಹೆಜ್ಜೆಗಳು ಬಂದವು, ನಿಂತವು, ಮುಂದಿನ ಮನೆಗೆ ಹೋದವು. ಕೊನೆಗೆ ಸದ್ದಡಗಿತು.

“ನೋಬಡಿ ಲೈಕ್ಸ್ ಅವರ್ ಹೌಸ್,” ಎಂದಳು, ನನ್ನ ಕಡೆ ನೋಡದೆ.

“ಹಲಗೆ ತಿರುಗಿಸಿದ್ದು ನಾನು ಪುಟ್ಟಾ. ಬೇಕಂತ್ಲೇ ಹಾಗೇ ಬಿಟ್ಟೆ.”

ಅವಳು ಟೋಪಿ ತೆಗೆದು ನನ್ನ ತಲೆಗಿಟ್ಟು, ಬಾಗಿಲು ತೆರೆದು ಹೊರಗೆ ಬೆರಳು ತೋರಿಸಿದಳು. ನಾನು ಹೊರಗೆ ಹೋದೆ, ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಹಲಗೆಯನ್ನು ಸರಿಯಾಗಿ ತಿರುಗಿಸಿ, ಬಾಗಿಲು ತಟ್ಟಿದೆ. ಅದು ತೆರೆಯಲಿಲ್ಲ. ಮಂಡಿ ನೋಯುತ್ತಿತ್ತು, ಇನ್ನೊಮ್ಮೆ ತಟ್ಟಲು ಧೈರ್ಯವಾಗದೆ ಗೋಡೆ ಹಿಡಿದು ಕಾದೆ.

ಬಹಳ ಹೊತ್ತಿನ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಮಿಠಾಯಿ ಹಿಡಿದ ಪುಟ್ಟ ಕೈಯೊಂದು ಹೊರಬಂತು.

“ಒನ್ ಓನ್ಲಿ ಆ, ತಾತಾ.”

ಎರಡೂ ಕೈ ಒಡ್ಡಿ ತೆಗೆದುಕೊಂಡೆ.